ಕೋದಂಡಪ್ಪ ಐಪಿ ಹಾಕಿದ್ದು

ಆಂಡರ್ಸನ್‌ಪೇಟೆ
೧೧ ಮಾರ್ಚ್ ೧೯೩೫

ಅಮ್ಮಾಜಿಗೆ ಆಶೀರ್ವಾದ.

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಕ್ಷೇಮವಲ್ಲ ಎಂದು ಬರೆದರೂ ಸುಳ್ಳೇ. ವಿಷಯ ಹೇಳುತ್ತೇನೆ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು.

ಎರಡು ವರ್ಷದ ಹಿಂದೆ ನಿನ್ನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿದ್ದೆನಲ್ಲ, ಅಂಗಡಿಯನ್ನೂ ಹಿಂದಿನ ಕೋಣೆಯನ್ನೂ ನಿನ್ನ ಹೆಸರಿಗೆ ಬರೆಸಿದ್ದೆನಲ್ಲ, ನೆನಪಿರಬೇಕು. ಯಾಕೆ ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗೆ ಬರೆದ ಪತ್ರಕ್ಕೆ ಎರಡು ವರ್ಷ ತುಂಬಿದರೆ ಕೋರ್ಟು ಸುಲಭವಾಗಿ ಅದನ್ನು ಮುಟ್ಟುವುದಿಲ್ಲ ಎಂದು ಕೋಲಾರದ ವಕೀಲರು ಆಗಲೇ ಹೇಳಿದ್ದರು. ಈಗ ತುಂಬಿತು. ಇನ್ನು ನಾನು ಐಪಿ ಹಾಕುತ್ತೇನೆ. ದಿವಾಳಿ ಅರ್ಜಿ ಎಂದ ಕೂಡಲೇ ಅಳಬೇಡ. ನನ್ನ ಹತ್ತಿರ ಚೀಟಿ ಕಟ್ಟಿದ ಜನರ ಬಾಕಿ ಕುತ್ತಿಗೆಯವರೆಗೆ ಬಂದಿದೆ. ನನ್ನ ಹತ್ತಿರ ಏನೂ ಇಲ್ಲ ಎಂದು ಕೋರ್ಟು ಒಪ್ಪಿದರೆ ಅವರೆಲ್ಲ ಬಾಯಿ ಮುಚ್ಚಿಕೊಂಡು ಹೋಗಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಐಪಿ ನನ್ನೊಬ್ಬನ ಹೆಸರಿಗೆ. ನಿನಗೂ ಅದಕ್ಕೂ ಸಂಬಂಧವಿಲ್ಲ. ವಕೀಲರ ಮಾತನ್ನು ಹಾಗೆಯೇ ಬರೆಯುತ್ತೇನೆ: ಹೆಂಡತಿಯಾದ ಮಾತ್ರಕ್ಕೆ ಗಂಡನ ಸಾಲ ಅವಳದಾಗುವುದಿಲ್ಲ, ಗಂಡನಾದ ಮಾತ್ರಕ್ಕೆ ಹೆಂಡತಿಯ ಆಸ್ತಿ ಅವನದಾಗುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೋ. ಎಲ್ಲ ಮುಗಿದ ಮೇಲೆ ಅಂಗಡಿಯನ್ನು ನನ್ನ ಹೆಸರಿಗೆ ತಿರುಗಿ ಬರೆದುಕೊಟ್ಟರಾಯಿತು.

ಮಗು ಹೋದ ದುಃಖದಲ್ಲಿ ನೀನು ಬಂಗಾರಪೇಟೆಗೆ ಅಣ್ಣನ ಮನೆಗೆ ಹೋದದ್ದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಬೇರೆ ಇದ್ದರೆ ಆಸ್ತಿಯೂ ಬೇರೆ ಎಂದು ಕಾಣುತ್ತದೆ. ಅಲ್ಲೇ ಇರು.

ಯಾವ ಕಾರಣಕ್ಕೂ ಕಾರ್ಡು ಬರೆಯಬೇಡ. ಅಂಚೆಯ ಕುಪ್ಪುಸ್ವಾಮಿಯ ಬುದ್ಧಿ ನಿನಗೆ ಗೊತ್ತು. ಕಾರ್ಡು ಕೈಗೆ ಸಿಕ್ಕರೆ ಬೀದಿಯ ಕೊನೆಯಿಂದಲೇ ಓದಿಕೊಂಡು ಬರುತ್ತಾನೆ. ಲಕೋಟೆಯಲ್ಲೇ ಬರೆ.

ನಿನ್ನ ಯಜಮಾನ,
ಕೋದಂಡಪ್ಪ


ಬಂಗಾರಪೇಟೆ
೧೬ ಮಾರ್ಚ್ ೧೯೩೫

ಯಜಮಾನರ ಪಾದಕ್ಕೆ ನಮಸ್ಕಾರ.

ಕಾಗದ ಓದಿ ಒಲೆಗೆ ಹಾಕಿದೆ. ಲಕೋಟೆಯಲ್ಲೇ ಬರೆಯುತ್ತಿದ್ದೇನೆ. ಮೇಲಿನ ವಿಳಾಸವನ್ನು ಎಂದಿನಂತೆ ಜಯರಾಮಣ್ಣ ಬರೆಯುತ್ತಾನೆ. ಮಿಷನ್ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳಾದರೂ ಗಂಡನ ಹೆಸರನ್ನು ಬಾಯಲ್ಲಿ ಆಡಬಾರದು, ಕೈಯಲ್ಲಿ ಬರೆಯಬಾರದು ಎಂದು ನಮ್ಮವ್ವ ಬೆಳೆಸಿದ್ದಾಳೆ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದಂತೆ. ಇಷ್ಟು ವರ್ಷ ನಿಮ್ಮ ಆಯುಸ್ಸನ್ನು ಕಾದಿದ್ದೇನೆ.

ನಾನು ಇಲ್ಲಿಗೆ ಬಂದದ್ದು ಅನುಕೂಲವಾಯಿತು ಎಂದು ಬರೆದಿದ್ದೀರಿ. ಒಲೆಗೆ ಹಾಕುವ ಮೊದಲು ಆ ಸಾಲನ್ನು ಬಹಳ ಹೊತ್ತು ನೋಡಿದೆ.

ಈಗ ಒಂದು ವಿಷಯ ಅರ್ಥವಾಯಿತು. ಡಿಸೆಂಬರಿನಲ್ಲಿ ನಮ್ಮ ಮಗಳು ಅಕ್ಕಯ್ಯನಿಗೆ ಗಂಟಲು ಕಟ್ಟಿ ಉಸಿರು ಎಳೆಯುತ್ತಿದ್ದಾಗ ಜಟಕಾ ಕರೆಸಿ, ಆಸ್ಪತ್ರೆಗೆ ಹೋಗೋಣ ಎಂದೆ. "ಜಟ್ಕಾ ಬಾಗ್ಲಿಗೆ ಬಂದ್ರೆ ಬೀದಿಯೆಲ್ಲ ನೋಡ್ತೈತೆ. ಇವ್ನತ್ರ ದುಡ್ಡೈತೆ ಅಂತ ಚೀಟಿ ಜನ ಬಂದು ಕುತ್ಕೊಂತಾರೆ. ಸುಮ್ನಿರು, ನಾಳೆ ನೋಡೋಣ" ಎಂದಿರಿ. ಮಗುವನ್ನು ಹೊತ್ತುಕೊಂಡು ನಾನೇ ನಡೆದು ಹೋಗುತ್ತೇನೆ ಎಂದರೆ ಬಾಗಿಲಿಗೆ ಅಡ್ಡ ನಿಂತಿರಿ. ಬಡವನಂತೆ ಕಾಣುವುದು ಯಾಕೆ ಅಷ್ಟು ಮುಖ್ಯವಾಗಿತ್ತೆಂದು ನನಗೆ ಆಗ ತಿಳಿಯಲಿಲ್ಲ. ನಾಲ್ಕು ವರ್ಷದ ಮಗುವಿಗೆ ನಾಳೆ ಬರಲಿಲ್ಲ.

ಆದದ್ದಾಯಿತು. ನೀವು ಹೇಳಿದಂತೆ ಕೇಳುತ್ತೇನೆ. ನನ್ನದು ಒಂದೇ ಕೋರಿಕೆ. ಅವಳನ್ನು ಹೂತ ಜಾಗ ಚಿನ್ನದ ಗಣಿಯವರು ಸುರಿದ ಬಿಳಿಮಣ್ಣಿನ ದಿಬ್ಬದ ಕೆಳಗಿದೆ. ಮಳೆಗಾಲದಲ್ಲಿ ದಿಬ್ಬ ಕರಗಿ ಕೆಳಕ್ಕೆ ಇಳಿಯುತ್ತದೆ. ಮಳೆ ಹಿಡಿಯುವ ಮೊದಲು ಆ ಗುಡ್ಡೆಯ ಮೇಲೆ ಒಂದು ಚಪ್ಪಡಿ ಕಲ್ಲು ಹಾಕಿಸಿ. ಹೆಸರು ಕೆತ್ತಿಸಿದರೆ ಒಳ್ಳೆಯದು, ಇಲ್ಲದಿದ್ದರೆ ಬರಿಯ ಕಲ್ಲಾದರೂ ಸಾಕು. ಹೋದಾಗ ಎಲ್ಲಿ ಕೂರಬೇಕೆಂದು ನನಗೆ ಗೊತ್ತಾಗಬೇಕು.

ನಿಮ್ಮ ಪಾದಸೇವಕಿ,
ಅಮ್ಮಾಜಮ್ಮ


ಆಂಡರ್ಸನ್‌ಪೇಟೆ
೨ ಏಪ್ರಿಲ್ ೧೯೩೫

ಅಮ್ಮಾಜಿಗೆ ಆಶೀರ್ವಾದ.

ಸತ್ತ ಮಗುವನ್ನು ಕಾಗದದಲ್ಲಿ ಎಳೆದಾಡಬೇಡ. ನನಗೂ ಕರುಳಿದೆ. ಕಲ್ಲಿನ ವಿಷಯ ಓದಿದೆ. ಐಪಿ ಹಾಕುವ ಮನುಷ್ಯ ಕಲ್ಲುಕುಟಿಗನನ್ನು ಕರೆಸಿದರೆ ನಾಲ್ಕು ಜನ ನೋಡುವುದಿಲ್ಲವೆ? ಇದೆಲ್ಲ ಮುಗಿಯಲಿ, ನಾಳೆ ನೋಡೋಣ.

ಚೀಟಿ ಜನರ ಪರವಾಗಿ ಒಬ್ಬ ವಕೀಲ ನಿಲ್ಲುತ್ತಾನಂತೆ. ಅಂಗಡಿ ಗಂಡನದೇ, ಹೆಂಡತಿಯ ಹೆಸರು ಬರೀ ನೆಪ ಎಂದು ವಾದ ಮಾಡುತ್ತಾನೆ. ನಿನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಆದ್ದರಿಂದ ಇದನ್ನು ಬಾಯಿಪಾಠ ಮಾಡು.

ಅಂಗಡಿ ಯಾರದು ಎಂದರೆ: ನನ್ನದು.

ದುಡ್ಡು ಎಲ್ಲಿಂದ ಬಂತು ಎಂದರೆ: ನಮ್ಮಪ್ಪ ಮದುವೆಯಲ್ಲಿ ಕೊಟ್ಟ ಒಡವೆ ಮಾರಿ ಬಂದ ದುಡ್ಡು. ಅದರಲ್ಲಿ ಕೊಂಡ ಅಂಗಡಿಯನ್ನು ಯಜಮಾನರು ಆಮೇಲೆ ನನ್ನ ಹೆಸರಿಗೆ ಬರೆದರು.

ಗಂಡನಿಗೆ ಅದರಲ್ಲಿ ಏನು ಹಕ್ಕು ಎಂದರೆ: ಏನೂ ಇಲ್ಲ. ನನ್ನ ಅಂಗಡಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದರು, ಅಷ್ಟೆ.

ತಿರುಗಿ ಬರೆದುಕೊಡುವ ಮಾತಾಗಿದೆಯೇ ಎಂದರೆ: ಇಲ್ಲ.

ಇದಕ್ಕಿಂತ ಒಂದು ಮಾತು ಹೆಚ್ಚು ಬೇಡ, ಒಂದು ಮಾತು ಕಡಿಮೆ ಬೇಡ. ಗಂಡನ ಹೆಸರು ಕೇಳುತ್ತಾರೆ. ಅದಕ್ಕೆ ಹೆದರಬೇಡ. ವಕೀಲರ ಗುಮಾಸ್ತ ಮುನಿಶಾಮಿ ಪಕ್ಕದಲ್ಲೇ ಇರುತ್ತಾನೆ, ಅವನು ಹೇಳುತ್ತಾನೆ. ನೀನು ತಲೆ ತಗ್ಗಿಸಿ ಹೌದು ಎಂದರೆ ಸಾಕು. ಮರ್ಯಾದಸ್ಥ ಹೆಂಗಸು ಎಂದು ಕೋರ್ಟಿಗೂ ಅನ್ನಿಸುತ್ತದೆ.

ಒಂದು ವೇಳೆ ನೀನು ಬಾಯಿ ತಪ್ಪಿ ಅಂಗಡಿ ಯಜಮಾನರದೇ ಎಂದುಬಿಟ್ಟರೆ ನನಗೆ ಜೈಲು. ಆಸ್ತಿ ಬಚ್ಚಿಟ್ಟು ಐಪಿ ಹಾಕಿದವನನ್ನು ಬಿಡುವುದಿಲ್ಲವಂತೆ. ನನ್ನ ಜೀವ ನಿನ್ನ ನಾಲಿಗೆಯ ಮೇಲಿದೆ ಎಂದು ತಿಳಿ.

ನಿನ್ನ ಯಜಮಾನ,
ಕೋದಂಡಪ್ಪ


ಬಂಗಾರಪೇಟೆ
೯ ಏಪ್ರಿಲ್ ೧೯೩೫

ಯಜಮಾನರ ಪಾದಕ್ಕೆ ನಮಸ್ಕಾರ.

ಪಾಠ ನಡೆಯುತ್ತಿದೆ. ಸಂಜೆ ಜಯರಾಮಣ್ಣ ರೈಲ್ವೆ ಗೋಡೌನಿನಿಂದ ಬಂದ ಮೇಲೆ ಹೆಗಲಿಗೆ ಕಪ್ಪು ಕಂಬಳಿ ಹಾಕಿಕೊಂಡು ಎದುರು ವಕೀಲನಾಗುತ್ತಾನೆ. ನಾನು ಮುದ್ದೆ ತಿರುವುತ್ತಾ ಉತ್ತರ ಹೇಳುತ್ತೇನೆ. "ಅಂಗ್ಡಿ ಯಾರ್ದಮ್ಮಾ?" ಎಂದು ಅವನು ಗದರುವ ರೀತಿಗೆ ಅತ್ತಿಗೆ ನಕ್ಕು ನಕ್ಕು ಹೊರಗೆ ಹೋಗುತ್ತಾಳೆ. ನಾನು ನಗುವುದಿಲ್ಲ. ನಿಮ್ಮ ಜೀವ ನನ್ನ ನಾಲಿಗೆಯ ಮೇಲಿದೆಯಲ್ಲ.

ಒಂದು ತಮಾಷೆ ಹೇಳಲೆ? ನನಗೆ ಸುಳ್ಳು ಹೇಳಿಕೊಡುತ್ತಿದ್ದೇನೆ ಎಂದು ನೀವು ತಿಳಿದಿದ್ದೀರಿ. ಮದುವೆಯಾದ ವರ್ಷ ನನ್ನ ಕಾಸಿನ ಸರ, ಡಾಬು, ಜಡೆಬಿಲ್ಲೆ ಮೂರನ್ನೂ ತೆಗೆದುಕೊಂಡು ಹೋಗಿ ಮಾರಿದಿರಿ. ಆ ದುಡ್ಡಿನಲ್ಲೇ ಅಲ್ಲವೆ ಆ ಅಂಗಡಿ ಕೊಂಡದ್ದು? ಆರು ತಿಂಗಳಲ್ಲಿ ಮಾಡಿಸಿಕೊಡುತ್ತೇನೆ ಎಂದಿದ್ದಿರಿ. ನೀವು ಮರೆತಿದ್ದೀರಿ ಎಂದು ಕಾಣುತ್ತದೆ. ಬಾಯಿಪಾಠ ಮಾಡುವಾಗ ನನಗೇ ಅದು ತಟ್ಟನೆ ಹೊಳೆಯಿತು. ನಿಜವನ್ನು ಸುಳ್ಳಿನಂತೆ ಕಲಿಯುವುದು ಬಹಳ ಕಷ್ಟ.

ಮೊನ್ನೆ ಪಾಪಕ್ಕ ಮಾರಿಕುಪ್ಪಂ ರೈಲಿನಲ್ಲಿ ಇಲ್ಲಿಗೆ ಬಂದಿದ್ದಳು. ಅವಳ ಗಂಡ ಕೋರಮಂಡಲ್ ಗಣಿಯೊಳಗೆ ಬಂಡೆ ಕುಸಿದು ಸತ್ತಾಗ ಬಂದ ಪರಿಹಾರವನ್ನೆಲ್ಲ ನಿಮ್ಮ ಚೀಟಿಗೆ ಹಾಕಿದವಳು. ಅಕ್ಕಯ್ಯನಿಗೆ ಹುಷಾರಿಲ್ಲದ ದಿನ ಶುಂಠಿ ಕಷಾಯ ಮಾಡಿಕೊಂಡು ಬಂದದ್ದೂ ಅವಳೇ. ಬಂದವಳು ಬೈಯಲಿಲ್ಲ. ಜಗುಲಿಯ ಮೇಲೆ ಕೂತು, "ಅಮ್ಮಾಜಿ, ನಿನ್ ಯಜಮಾನ ಐಪಿ ಆಕ್ತಾನಂತೆ, ನಿಜಾನಾ? ನನ್ ಗಂಡನ್ ಎಣದ್ ದುಡ್ಡು ಕಣಮ್ಮ ಅದು. ಅದುನ್ನೂ ಮುಳುಗುಸ್ಬಿಟ್ರೆ ನಾನು ಎಲ್ಲಿಗೋಗ್ಲಿ?" ಎಂದಳು. ನನಗೇನೂ ಗೊತ್ತಿಲ್ಲ ಎಂದೆ. ನೀವು ಕಲಿಸದ ಸುಳ್ಳು ಇದೊಂದೇ.

ಕಲ್ಲನ್ನು ಕುಟಿಗನಿಂದ ಮಾಡಿಸುವುದು ಬೇಡ. ನಿಮ್ಮ ಅಂಗಡಿಯ ಮುಂದೆ ಮೆಟ್ಟಿಲಿಗೆ ಹಾಕಿ ಉಳಿದ ಚಪ್ಪಡಿ ಇದೆಯಲ್ಲ, ಅದನ್ನೇ ಯಾರೂ ಇಲ್ಲದ ಹೊತ್ತಿನಲ್ಲಿ ಸಾಗಿಸಿ. ಖರ್ಚೂ ಇಲ್ಲ, ನೋಡುವವರೂ ಇಲ್ಲ.

ನಿಮ್ಮ ಪಾದಸೇವಕಿ,
ಅಮ್ಮಾಜಮ್ಮ


ಆಂಡರ್ಸನ್‌ಪೇಟೆ
೨೦ ಜೂನ್ ೧೯೩೫

ಅಮ್ಮಾಜಿಗೆ ಆಶೀರ್ವಾದ.

ಅರ್ಜಿ ಹಾಕಿಯಾಯಿತು. ಸುದ್ದಿ ಹರಡಿದ ದಿನ ಅಂಗಡಿಯ ಮುಂದೆ ಜಾತ್ರೆ. ತಮಿಳಿನಲ್ಲಿ ಬೈದರು, ತೆಲುಗಿನಲ್ಲಿ ಬೈದರು, ಕನ್ನಡದಲ್ಲಿ ಬೈಯುವವರು ಆಮೇಲೆ ಬಂದರು. ಎದುರು ಅಂಗಡಿಯ ಆಂಜಿನಪ್ಪ ಮಾತ್ರ ಬೈಯಲಿಲ್ಲ, ಕೈಕಟ್ಟಿ ನಿಂತು ನೋಡಿ ನಕ್ಕ. ಆ ನಗೆಯನ್ನು ನಾನು ಮರೆಯುವುದಿಲ್ಲ. ಇದೆಲ್ಲ ಮುಗಿದ ಮೇಲೆ ಅದೇ ಅಂಗಡಿಯಲ್ಲಿ ಅವನ ಎದುರಿಗೇ ಹೊಸ ಸಾಮಾನು ತುಂಬಿ ಅವನ ವ್ಯಾಪಾರ ನೆಲ ಕಚ್ಚಿಸದಿದ್ದರೆ ಕೇಳು.

ಬಂದವರಿಗೆಲ್ಲ ಕೋರ್ಟಿಗೆ ಹೋಗಿ ಎಂದೆ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕೋರ್ಟಿನವರು ಬಂದು ತಕ್ಕಡಿ, ಡಬ್ಬ, ಉಳಿದ ಬೇಳೆ ಬೆಲ್ಲ ಎಲ್ಲ ಬರೆದುಕೊಂಡು ಹೋದರು. ಅವರ ಲೆಕ್ಕದಲ್ಲಿ ಈಗ ನನಗೆ ಉಡಿದಾರ ಬಿಟ್ಟರೆ ಬೇರೆ ಆಸ್ತಿಯಿಲ್ಲ. ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ. ಹೆಂಡತಿಯ ದಯೆಯಿಂದ ಇದ್ದೇನೆ ಎಂದು ಅವರಿಗೆ ಹೇಳಿದೆ. ನಗು ಬಂತು, ತಡೆದುಕೊಂಡೆ.

ಪಾಪಕ್ಕನನ್ನು ಜಗುಲಿ ಹತ್ತಿಸಬೇಡ. ಒಡವೆಯ ಕಥೆ ನನಗೆ ನೆನಪಿಲ್ಲ, ಇದ್ದರೂ ಹೆಂಡತಿಯ ಒಡವೆ ಗಂಡನದೇ. ಕೋರ್ಟಿನಲ್ಲಿ ಮಾತ್ರ ಹಾಗೆನ್ನಬೇಡ.

ನಿನ್ನ ಯಜಮಾನ,
ಕೋದಂಡಪ್ಪ


ಬಂಗಾರಪೇಟೆ
೨೭ ಆಗಸ್ಟ್ ೧೯೩೫

ಯಜಮಾನರಿಗೆ ನಮಸ್ಕಾರ.

ಇಲ್ಲಿ ಮೂರು ದಿನದಿಂದ ಜಡಿಮಳೆ. ಅಲ್ಲಿಯೂ ಇರಬೇಕು. ಚಪ್ಪಡಿ ಸಾಗಿಸಿದಿರಾ? ಇಷ್ಟು ಮಾತ್ರ ತಿಳಿಸಿ.

ಅಮ್ಮಾಜಮ್ಮ


ಬಂಗಾರಪೇಟೆ
೩೦ ಸೆಪ್ಟೆಂಬರ್ ೧೯೩೫

ಯಜಮಾನರಿಗೆ ನಮಸ್ಕಾರ.

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ನಾನೇ ಬರೋಣವೆಂದರೆ ಇಲ್ಲೇ ಇರು ಎಂದಿದ್ದೀರಿ. ಗುಡ್ಡೆ ಇದೆಯೋ ಇಲ್ಲವೋ?

ಅಮ್ಮಾಜಮ್ಮ


ಆಂಡರ್ಸನ್‌ಪೇಟೆ
೨೨ ಅಕ್ಟೋಬರ್ ೧೯೩೫

ಅಮ್ಮಾಜಿಗೆ ಆಶೀರ್ವಾದ.

ನವೆಂಬರ್ ಹದಿನಾಲ್ಕಕ್ಕೆ ಕೋಲಾರದಲ್ಲಿ ವಿಚಾರಣೆ. ಅಣ್ಣನ ಜೊತೆ ಬೆಳಗಿನ ಸಣ್ಣ ರೈಲಿಗೆ ಬಾ. ಹಳೆಯ ಸೀರೆ ಉಡು. ಕೊರಳಲ್ಲಿ ತಾಳಿ ಬಿಟ್ಟು ಬೇರೇನೂ ಬೇಡ. ನನ್ನನ್ನು ಮಾತಾಡಿಸಬೇಡ, ದೂರ ನಿಲ್ಲು. ಪಾಠ ಮರೆತಿಲ್ಲ ತಾನೆ?

ಗುಡ್ಡೆ ಕಾಣುವುದಿಲ್ಲ ಎಂದು ಆ ಕಡೆ ಹೋದವರು ಹೇಳಿದರು. ಬಿಳಿಮಣ್ಣು ಇಳಿದು ಎಲ್ಲ ಒಂದೇ ಸಮನಾಗಿದೆಯಂತೆ. ಅದಕ್ಕೆ ಯಾರೇನು ಮಾಡಲಾಗುತ್ತದೆ? ಜಾಗವಂತೂ ಎಲ್ಲಿಗೂ ಓಡಿಹೋಗುವುದಿಲ್ಲ. ನಾಳೆ ನೋಡೋಣ.

ಕೋದಂಡಪ್ಪ


ಆಂಡರ್ಸನ್‌ಪೇಟೆ
೧೮ ನವೆಂಬರ್ ೧೯೩೫

ಅಮ್ಮಾಜಿಗೆ ನೂರು ಆಶೀರ್ವಾದ.

ಶಹಭಾಸ್! ಗಿಣಿಗೆ ಕಲಿಸಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಎದುರು ವಕೀಲ ತಿರುಗಿಸಿ ಮುರುಗಿಸಿ ಕೇಳಿದರೂ ನೀನು ಕದಲಲಿಲ್ಲ. "ಅಂಗ್ಡಿ ನಂದು, ಅವರ್ಗೆ ಅದ್ರಾಗೆ ಏನೂ ಅಕ್ಕಿಲ್ಲ" ಎಂದಾಗ ನನಗೇ ಒಂದು ಕ್ಷಣ ನಿಜವೇನೋ ಅನ್ನಿಸಿತು. ಮುನಿಶಾಮಿಯಂತೂ ಹೊರಗೆ ಬಂದು, ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಸಾಮಿ ಎಂದ. ಅಂಗಡಿ ನಿನ್ನದೇ ಎಂದು ಕೋರ್ಟು ಬರೆಯಿತು. ನಾನು ದಿವಾಳಿ ಎಂದೂ ಬರೆಯಿತು. ಚೀಟಿ ಜನರ ಮುಖ ನೋಡಬೇಕಿತ್ತು.

ಒಂದೇ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿದೆ. ಗಂಡನ ಹೆಸರೇನು ಎಂದು ಕೇಳಿದಾಗ ಮುನಿಶಾಮಿ ಬಾಯಿ ತೆರೆಯುವ ಮೊದಲೇ ನೀನು ತಲೆ ಎತ್ತಿ ನನ್ನ ಹೆಸರು ಹೇಳಿಬಿಟ್ಟೆ. ಮೆಲ್ಲಗೂ ಅಲ್ಲ, ಕೂಗಿ ಕರೆಯುವ ಹಾಗೆ. ಕೋರ್ಟಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಗಾಬರಿಯಲ್ಲಿ ಆಗಿರಬೇಕು. ಮನೆಗೆ ಬಂದ ಮೇಲೆ ದೇವರಿಗೆ ತುಪ್ಪದ ದೀಪ ಹಚ್ಚಿ ತಪ್ಪಾಯಿತು ಎಂದು ಕೇಳಿಕೋ.

ಇದರ ಜೊತೆ ಒಂದು ಛಾಪಾ ಕಾಗದ ಇಟ್ಟಿದ್ದೇನೆ, ನಿನ್ನ ಹೆಸರಿನಲ್ಲೇ ಕೊಂಡದ್ದು. ಕೆಳಗೆ ರುಜು ಮಾಡಿ ಕಳುಹಿಸು. ಮೇಲೆ ಬರೆಯುವುದನ್ನು ನಾನು ಆಮೇಲೆ ಬರೆದುಕೊಳ್ಳುತ್ತೇನೆ. ಈ ಗದ್ದಲ ತಣ್ಣಗಾದ ಮೇಲೆ ಅಂಗಡಿ ತಿರುಗಿ ನನ್ನ ಹೆಸರಿಗೆ ಬರುತ್ತದೆ, ನೀನೂ ತಿರುಗಿ ಮನೆಗೆ ಬರಬಹುದು.

ನಿನ್ನ ಪ್ರೀತಿಯ ಯಜಮಾನ,
ಕೋದಂಡಪ್ಪ


ಬಂಗಾರಪೇಟೆ
೨೫ ನವೆಂಬರ್ ೧೯೩೫

ಯಜಮಾನರಿಗೆ,

ನಮಸ್ಕಾರ ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ.

ಅದು ಗಾಬರಿಯಲ್ಲ. ನಡೆದದ್ದನ್ನು ಹೇಳುತ್ತೇನೆ. ಸಾಕ್ಷಿಗಳು ಹೊರಗಿರಬೇಕೆಂದು ಜವಾನ ನನ್ನನ್ನು ಜಗುಲಿಯಲ್ಲಿ ಕೂರಿಸಿದ. ಪಕ್ಕದಲ್ಲಿ ಪಾಪಕ್ಕ ಕೂತಿದ್ದಳು. ತಲೆಯ ಮೇಲೆ ಕಿಟಕಿ ತೆರೆದಿತ್ತು. ಕಟಕಟೆಯಲ್ಲಿ ನಿಂತು ನೀವು ಹೇಳುತ್ತಿದ್ದುದೆಲ್ಲ ನಮಗೆ ಕೇಳುತ್ತಿತ್ತು.

ಆ ಹೊತ್ತಿನವರೆಗೆ ನಾನು ನಿಮ್ಮ ಕಡೆಯೇ ಇದ್ದೆ. ಇದನ್ನು ನೀವು ನಂಬಬೇಕು. ಕಲ್ಲು ಹಾಕಿಸಲಿಲ್ಲ, ಗುಡ್ಡೆ ಹೋಯಿತು, ಆದರೂ ಕಲಿತದ್ದನ್ನು ಒಪ್ಪಿಸಿ, ಅಂಗಡಿಯನ್ನು ಹಿಂದಕ್ಕೆ ಬರೆದುಕೊಟ್ಟು, ಒಲೆಯ ಮುಂದೆ ಕೂರಬೇಕೆಂದೇ ಬಂದಿದ್ದೆ. ಬೇರೆ ದಾರಿ ಇದೆಯೆಂದು ನನಗೆ ತೋಚಿರಲೇ ಇಲ್ಲ.

ಆಗ ಎದುರು ವಕೀಲ ಕೇಳಿದ: ಇಷ್ಟು ಸಾಲಕ್ಕೆ ಕಾರಣ ಮಗಳ ಕಾಯಿಲೆ ಎಂದು ಅರ್ಜಿಯಲ್ಲಿ ಬರೆದಿದ್ದೀರಿ, ಎಷ್ಟು ಖರ್ಚಾಯಿತು?

ನೀವು ಹೇಳಿದಿರಿ: "ಆರ್ನೂರು ರೂಪಾಯಿ ಸಾಮಿ. ಮದರಾಸಿಂದ ಡಾಕ್ಟ್ರುನ್ನ ಕರೆಸ್ದೆ. ಇರೋದೆಲ್ಲ ಸುರ್ದೆ. ಒಂದೇ ಮಗೂ ಸಾಮಿ. ಆದ್ರೂ ಉಳೀಲಿಲ್ಲ."

ಅತ್ತಿರಿ. ಮಗು ಸತ್ತ ದಿನ ಅಳದವರು ಕೋಲಾರದ ಕೋರ್ಟಿನಲ್ಲಿ ಅತ್ತಿರಿ. ಒಳಗೆ ಯಾರೋ ಅಯ್ಯೋ ಪಾಪ ಎಂದರು. ಪಾಪಕ್ಕ ನನ್ನ ಕಡೆ ತಿರುಗಿ, "ಯಾವ್ ಡಾಕ್ಟ್ರಮ್ಮಾ? ನನ್ ಕಷಾಯ ಬಿಟ್ರೆ ಆ ಕೂಸಿನ್ ಬಾಯಿಗೆ ಏನ್ ಬಿತ್ತು?" ಎಂದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ.

ಬಡವನಂತೆ ಕಾಣಲೆಂದು ಜಟಕಾ ಕರೆಸದೆ ಮಗುವನ್ನು ಸಾಯಲು ಬಿಟ್ಟಿರಿ. ಅವಳನ್ನು ಉಳಿಸಲು ಹೋಗಿಯೇ ಬಡವನಾದೆ ಎಂದು ಆಮೇಲೆ ಕೋರ್ಟಿಗೆ ಹೇಳಿದಿರಿ. ಅಕ್ಕಯ್ಯನನ್ನು ನೀವು ಎರಡು ಸಲ ಖರ್ಚು ಮಾಡಿಬಿಟ್ಟಿರಿ. ನನಗೆ ಹೊಟ್ಟೆ ಉರಿಯುತ್ತಿದೆ. ಇದನ್ನು ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ಜವಾನ ನನ್ನ ಹೆಸರು ಕೂಗಿದ. ಒಳಗೆ ಹೋದೆ. ಅಂಗಡಿ ಇವರದೇ, ಡಾಕ್ಟರು ಸುಳ್ಳು, ಎಲ್ಲ ಸುಳ್ಳು ಎಂದು ಕಿರುಚಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೀವು ಜೈಲಿಗೆ ಹೋಗುತ್ತಿದ್ದಿರಿ, ಅಷ್ಟೆ ತಾನೆ? ಜೈಲಿನಲ್ಲಿ ಸರ್ಕಾರ ಎರಡು ಹೊತ್ತು ಮುದ್ದೆ ಹಾಕುತ್ತದೆ. ಹೊರಗೆ ಬಂದ ಮೇಲೆ, ಹೆಂಡತಿಯೇ ಹಿಡಿದುಕೊಟ್ಟಳು ಎಂದು ಊರೆಲ್ಲ ನಿಮಗೆ ಮರುಗುತ್ತಿತ್ತು. ಅಷ್ಟು ಸುಲಭದಲ್ಲಿ ನಿಮ್ಮನ್ನು ಬಿಡಲು ಮನಸ್ಸಾಗಲಿಲ್ಲ.

ಗಂಡನ ಹೆಸರು ಕೇಳಿದರು. ಆಯುಸ್ಸು ಕಡಿಮೆಯಾಗುವುದಾದರೆ ಆಗಲಿ ಎಂದೇ ಹೇಳಿದೆ. ತುಪ್ಪದ ದೀಪ ಹಚ್ಚಿಲ್ಲ.

ಆಮೇಲೆ ನೀವು ಕಲಿಸಿದ್ದನ್ನೇ ಹೇಳಿದೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅಂಗಡಿ ನನ್ನದು. ನಮ್ಮಪ್ಪ ಕೊಟ್ಟ ಒಡವೆಯದು. ಅದರಲ್ಲಿ ನಿಮಗೆ ಏನೂ ಹಕ್ಕಿಲ್ಲ. ತಿರುಗಿ ಬರೆದುಕೊಡುವ ಮಾತಾಗಿಲ್ಲ. ಕೋರ್ಟು ಬರೆದುಕೊಂಡಿತು. ನಾನೂ ಬರೆದುಕೊಂಡೆ.

ಈಗ ನೀವು ಅಂಗಡಿ ನನ್ನದೇ ಎಂದು ಯಾರ ಮುಂದೆ ಹೇಳುತ್ತೀರಿ? ಹೇಳಿ ನೋಡಿ. ಹೇಳಿದ ದಿನವೇ ಜೈಲು. ಹೇಳದಿದ್ದರೆ ಬೀದಿ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ. ಗಂಡನಾದ ಮಾತ್ರಕ್ಕೆ ಹೆಂಡತಿಯ ಆಸ್ತಿ ಅವನದಾಗುವುದಿಲ್ಲ, ಮನಸ್ಸಿನಲ್ಲಿಟ್ಟುಕೋ ಎಂದು ಬರೆದಿದ್ದಿರಿ. ಇಟ್ಟುಕೊಂಡಿದ್ದೇನೆ. ನಿಮ್ಮ ಕಾಗದಗಳನ್ನೆಲ್ಲ ನೀವು ಹೇಳಿದಂತೆ ಒಲೆಗೆ ಹಾಕಿದ್ದೇನೆ, ಹೆದರಬೇಡಿ. ಅವುಗಳ ಅಗತ್ಯ ನನಗಿಲ್ಲ.

ಛಾಪಾ ಕಾಗದ ತಲುಪಿತು. ಅದರಲ್ಲಿ ಎದುರು ಅಂಗಡಿಯ ಆಂಜಿನಪ್ಪನವರಿಗೆ ಬಾಡಿಗೆ ಕರಾರು ಬರೆದು ರುಜು ಮಾಡಿದ್ದೇನೆ. ಕಾಗದದ ಖರ್ಚು ನಿಮ್ಮದೇ ಆಯಿತು, ಉಪಕಾರ. ಮೊದಲನೇ ತಾರೀಖು ಅವರು ಬೀಗ ಹಾಕಲು ಬರುತ್ತಾರೆ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ನಿಮ್ಮ ಚಾಪೆ ತೆಗೆಯಿರಿ. ಗೋಡೆಯ ಗೂಡಿನಲ್ಲಿ ಅಕ್ಕಯ್ಯನ ಮರದ ಗೊಂಬೆ ಇದೆ, ಅದನ್ನು ಮುಟ್ಟಬೇಡಿ.

ಅಮ್ಮಾಜಮ್ಮ


ಆಂಡರ್ಸನ್‌ಪೇಟೆ
೨ ಡಿಸೆಂಬರ್ ೧೯೩೫

ಲೇ ಅಮ್ಮಾಜಿ,

ನಿನಗೆ ತಲೆ ತಿರುಗಿದೆಯೆ? ನಾನು ನಿನ್ನ ಗಂಡ. ನಾನು ಹಾಕಿದ ಮುದ್ದೆ ತಿಂದು ನನಗೇ ಗುಂಡಿ ತೋಡುತ್ತೀಯಾ? ನಿನ್ನೆ ಆ ಆಂಜಿನಪ್ಪ ಬೀಗ ಹಿಡಿದುಕೊಂಡು ಬಂದು, "ನಿಮ್ ಮನೆಯೋರು ಏಳವ್ರೆ, ಕೋಣೆ ಖಾಲಿ ಮಾಡಣ್ಣಾ" ಎಂದ. ನನ್ನ ಕೊರಳಿಗೆ ಬಂದ ಮಾತನ್ನು ನುಂಗಬೇಕಾಯಿತು. ಹತ್ತು ಜನ ಕೇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ನಾಲ್ಕು ಜನ ಚೀಟಿಯವರು.

ವಕೀಲರ ಹತ್ತಿರ ಓಡಿದೆ. ಎಲ್ಲ ಕೇಳಿ ಅವರು ನಕ್ಕುಬಿಟ್ಟರು. ಈ ಮಾತು ನನ್ನ ಹತ್ತಿರ ಆಡಿದ್ದೀರಿ ಸರಿ, ಇನ್ನು ಯಾರ ಹತ್ತಿರವೂ ಆಡಬೇಡಿ ಎಂದರು.

ನಿನ್ನ ಅಣ್ಣ ಕಿವಿ ಊದಿರಬೇಕು. ಆಯಿತು, ಸಿಟ್ಟು ತೀರಿಸಿಕೊಂಡೆಯಲ್ಲ, ಸಾಕು. ಕಲ್ಲು ತಾನೆ? ಹಾಕಿಸುತ್ತೇನೆ. ಹೆಸರು ಕೆತ್ತಿಸಿಯೇ ಹಾಕಿಸುತ್ತೇನೆ. ಕರಾರು ಮುರಿ.

ಕೋದಂಡಪ್ಪ


(ಕಾರ್ಡು)
ಆಂಡರ್ಸನ್‌ಪೇಟೆ
೧೦ ಫೆಬ್ರವರಿ ೧೯೩೬

ಅಮ್ಮಾಜಿಗೆ,

ಬರೆದ ಯಾವ ಕಾಗದಕ್ಕೂ ನೀನು ಉತ್ತರ ಕೊಡಲಿಲ್ಲ. ಲಕೋಟೆಗೆ ಕಾಸಿಲ್ಲದೆ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಐಪಿ ಹಾಕಿದವನಿಗೆ ಯಾರೂ ಒಂದು ಸೇರು ಅಕ್ಕಿ ಸಾಲ ಕೊಡುವುದಿಲ್ಲ. ಅಂಗಡಿಯ ಎದುರು ಸಾಲಿನ ಕದಿರಪ್ಪನ ಗಾಡಿ ಕೊಟ್ಟಿಗೆಯಲ್ಲಿ ಮಲಗುತ್ತಿದ್ದೇನೆ, ಅವನೂ ಹಬ್ಬಕ್ಕೆ ಮೊದಲು ಜಾಗ ನೋಡಿಕೋ ಎಂದಿದ್ದಾನೆ. ಅಂಗಡಿ ಕೇಳುವುದಿಲ್ಲ. ಹಿಂದಿನ ಕೋಣೆಯಲ್ಲಿ ಒಂದು ಚಾಪೆ ಹಾಸಿಕೊಳ್ಳಲಾದರೂ ಬಿಡು. ಆಂಜಿನಪ್ಪ ನೀನು ಬರೆದರೆ ಆಗಬಹುದು ಎಂದಿದ್ದಾನೆ. ಕೈಮುಗಿದು ಕೇಳುತ್ತೇನೆ.

ನಿನ್ನ
ಕೋದಂಡಪ್ಪ


(ಕಾರ್ಡು)
ಬಂಗಾರಪೇಟೆ
೧೭ ಫೆಬ್ರವರಿ ೧೯೩೬

ವಿಳಾಸ: ದಿವಾಳಿ ಕೋದಂಡಪ್ಪ, ಕದಿರಪ್ಪನವರ ಗಾಡಿ ಕೊಟ್ಟಿಗೆ, ಆಂಡರ್ಸನ್‌ಪೇಟೆ

ಅಂಚೆಯ ಕುಪ್ಪುಸ್ವಾಮಿಯವರಿಗೆ ನಮಸ್ಕಾರ. ಬೀದಿಯ ಕೊನೆಯಿಂದಲೇ ಓದಿಕೊಂಡು ಬನ್ನಿ, ಸ್ವಲ್ಪ ಗಟ್ಟಿಯಾಗಿ. ಮೇಲಿನ ವಿಳಾಸ ನಾನೇ ಬರೆದದ್ದು.

ಕೋದಂಡಪ್ಪ,

ನಿನ್ನ ಕಾರ್ಡು ಬಂತು. ಅಂಗಡಿಯ ಮುಂದಿದ್ದ ಚಪ್ಪಡಿಯನ್ನು ನಾನೇ ಬಂದು ಸಾಗಿಸಿದೆ. ಜಾಗ ಹುಡುಕಿಸಿದ್ದು ಪಾಪಕ್ಕ. ಅವತ್ತು ಮಗುವನ್ನು ಹೂಳಲು ಗುದ್ದಲಿ ಹಿಡಿದಿದ್ದವನು ಅವಳ ಮೈದುನ, ಅವನಿಗೆ ಗುರುತಿತ್ತು. ಮೊಣಕಾಲುದ್ದ ಬಿಳಿಮಣ್ಣು ತೆಗೆದು ಹಾಕಿಸಿದ್ದೇನೆ. ಅಕ್ಕಯ್ಯ ಎಂದು ಕೆತ್ತಿಸಿದ್ದೇನೆ. ತಂದೆಯ ಹೆಸರು ಬೇಕೇ ಎಂದು ಕುಟಿಗ ಕೇಳಿದ, ಬೇಡ ಎಂದೆ.

ಅಂಗಡಿಯ ಬಾಡಿಗೆಯಲ್ಲಿ ನನ್ನ ಊಟಕ್ಕೆ ಇಟ್ಟುಕೊಂಡು ಉಳಿದದ್ದನ್ನು ಚೀಟಿಯವರಿಗೆ ಸರದಿಯ ಮೇಲೆ ಕೊಡಿಸುತ್ತಿದ್ದೇನೆ. ಈ ತಿಂಗಳು ಪಾಪಕ್ಕನದು. ಹೆಂಡತಿಯಾದ ಮಾತ್ರಕ್ಕೆ ನಿನ್ನ ಸಾಲ ನನ್ನದಾಗುವುದಿಲ್ಲ, ಗೊತ್ತು. ಆದರೂ ತೀರಿಸುತ್ತಿದ್ದೇನೆ. ತಿಂಗಳು ತಿಂಗಳು ಅವರು ಆ ಬಾಗಿಲಿಗೆ ಬಂದು ದುಡ್ಡು ಎಣಿಸಿಕೊಂಡು ಹೋಗುವುದನ್ನು ನೀನು ಎದುರಿನ ಕೊಟ್ಟಿಗೆಯಿಂದ ನೋಡುತ್ತಿರಬೇಕು, ಅದಕ್ಕೆ.

ತಾಳಿ ಇನ್ನೂ ಕೊರಳಲ್ಲೇ ಇದೆ. ಅದಕ್ಕೂ ನಮ್ಮಪ್ಪನೇ ದುಡ್ಡು ಕೊಟ್ಟದ್ದು.

ಹಿಂದಿನ ಕೋಣೆಯಲ್ಲಿ ಚಾಪೆ ಹಾಸಲು ಜಾಗ ಕೇಳಿದ್ದೀಯೆ. ನಾಳೆ ನೋಡೋಣ.

ಅಕ್ಕಯ್ಯನ ತಾಯಿ,
ಅಮ್ಮಾಜಮ್ಮ